ಒಳಗಿನಿಂದ ಹಾಕಿಕೊಂಡ ಬಾಗಿಲು

"ಸದ್ದೇ ಇಲ್ವಲ್ರೀ. ಹೊರಟಿದೀವಾ, ನಿಂತಿದೀವಾ?"

ನನ್ನವಳು ಕಡೆಯದಾಗಿ ಕೇಳಿದ್ದು ಇಷ್ಟೇ. "ಹೊರಟಿದೀವಿ" ಅಂದೆ. ಪಕ್ಕದ ಮನೆ ಯಾಕೂಬಣ್ಣ ತನ್ನ ಹೊಸ ಕಾರಿನಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಚೀನಾದ ಬ್ಯಾಟರಿ ಕಾರು, ಅಗ್ಗದ್ದು. ಅವಳ ಮೈ ಒಮ್ಮೆಯೂ ಕುಲುಕಲಿಲ್ಲ. ದಾರಿಯಲ್ಲೇ ಹೋದಳು. ನರಳದೆ ಹೋದಳು.

ತಿಂಗಳು ಕಳೆದ ಮೇಲೆ ಗುರುಗಳ ಬಳಿ ಹೋಗಿ ಕೇಳಿದೆ.

"ಸಿರಿವಂತರ ಕಾರುಗಳ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದೆ. ಧಣಿ ಅನ್ನ ಹಾಕಿದರು. ಈಗ ಅಗ್ಗದ ಕಾರು ಬಂದು ಅವರ ಗಿರಾಕಿಗಳು ಕರಗಿದ್ದಾರೆ. ಆ ಕಾರಿನವರೇ ನಮ್ಮ ವರ್ಕ್‌ಶಾಪಿನ ಎದುರಿಗೆ, ರಸ್ತೆಯಾಚೆ ಅಂಗಡಿ ತೆರೆದಿದ್ದಾರೆ. ನನ್ನನ್ನು ಕೆಲಸಕ್ಕೆ ಕರೆದಿದ್ದಾರೆ. ನನ್ನವಳನ್ನು ಮೆತ್ತಗೆ ಹೊತ್ತ ಕಾರು, ಮನಸ್ಸು ಅತ್ತ ಎಳೆಯುತ್ತದೆ. ಹೋದರೆ ಉಂಡ ಮನೆಯ ಜಂತೆ ಎಣಿಸಿದ ಹಾಗಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಧಣಿ ಇದ್ದ. ಅರಸರು ಏರುವಂಥ ಕಾರು ಕಟ್ಟಿಸುತ್ತಿದ್ದ. ಅವನ ಕಾರ್ಖಾನೆಯಲ್ಲಿ ಒಂದು ಪದ್ಧತಿ. ಕಾರು ಹೊರಡುವ ಮೊದಲು ಒಬ್ಬ ಕೆಲಸಗಾರ ಬಾಗಿಲು ಹಾಕಿ ಸದ್ದು ಕೇಳಬೇಕು. ಸದ್ದು ಒರಟಾದರೆ ಬಾಗಿಲು ಬಿಚ್ಚಿ ಮತ್ತೆ ಕೂರಿಸಬೇಕು. ಆ ಕಿವಿಯನ್ನು ಧಣಿಯೇ ಪಕ್ಕದಲ್ಲಿ ನಿಂತು ಪಳಗಿಸಿದ್ದ.

ಚೀನಾದಿಂದ ಅಗ್ಗದ ಕಾರು ಬಂತು. ಧಣಿಯ ವ್ಯಾಪಾರ ಕುಸಿಯಿತು. ಅವನು ಅಂಥದೊಂದು ಕಾರು ತರಿಸಿ ಕೆಲಸಗಾರನಿಗೆ ಹೇಳಿದ: "ಇದರ ಬಾಗಿಲು ಹಾಕಿ ನೋಡು. ತಗಡಿನ ಡಬ್ಬಿ ಅಂತ ಊರಿಗೆಲ್ಲ ಸಾರೋಣ."

ಕೆಲಸಗಾರ ಒಳಗೆ ಕೂತು ಬಾಗಿಲು ಹಾಕಿಕೊಂಡ. ಎಷ್ಟು ಹೊತ್ತಾದರೂ ಇಳಿಯಲಿಲ್ಲ.

"ಏನಯ್ಯಾ, ಅಲ್ಲೇ ಸಂಸಾರ ಹೂಡಿದೆಯಾ?"

"ಸದ್ದು ಒರಟೇ ಧಣಿ. ಆದರೆ ಇಷ್ಟು ವರ್ಷ ಹೊರಗೆ ನಿಂತು ಬಾಗಿಲು ಹಾಕಿದೆ. ಒಳಗಿನಿಂದ ಹಾಕಿಕೊಂಡದ್ದು ಇದೇ ಮೊದಲು."

ಧಣಿ ಕಾರಿನ ಬಾಗಿಲು ತೆರೆದ. "ಆ ಕಡೆ ಸರಿ" ಅಂದ. ತಾನೂ ಹತ್ತಿ ಕೂತ.

ಮುಂದೆ ಆ ಕೆಲಸಗಾರ ಅಗ್ಗದ ಕಾರಿನವರಲ್ಲಿ ಸೇರಿದ. ಅವರ ಕಾರಿನ ಬಾಗಿಲೂ ಮೆತ್ತಗೆ ಕೂರತೊಡಗಿತು.

ಗುರುಗಳು ಕತೆ ನಿಲ್ಲಿಸಿದರು. ನಾನು ಕೇಳಿದೆ: "ಹಾಗಾದರೆ ಹಳೆಯ ಧಣಿಯ ಉಪಕಾರ ಮರೆತನೇ?"

"ಆ ಕಿವಿ ಯಾರು ಕೊಟ್ಟದ್ದಪ್ಪಾ?" ಅಂದರು.

ನಾನು ಕೈಮುಗಿದು ಎದ್ದೆ.

ಮರುದಿನ ಬೆಳಿಗ್ಗೆ ಧಣಿಯ ಕಾಲು ಮುಟ್ಟಿದೆ. ಅವರು ನನ್ನ ತಲೆ ಮೇಲೆ ಕೈ ಇಟ್ಟರು. ರಸ್ತೆ ದಾಟಿದೆ.