ದೋಣಿಯೊಳಗಿನ ಅಡಿಗಲ್ಲು

ನಮ್ಮ ಹೊಳೆ ದಾಟಿಸುತ್ತಿದ್ದವಳು ಅಂಬಿಗರ ಹುಲಿಗೆವ್ವ. ಒಂದು ಮಳೆಗಾಲ ಅವಳ ಸೊಸೆ ಹೆರಿಗೆ ನೋವಿನಲ್ಲಿ, ಆಚೆ ದಡದ ಆಸ್ಪತ್ರೆ ಮುಟ್ಟುವ ಮೊದಲೇ ದೋಣಿಯಲ್ಲಿ ಜೀವ ಬಿಟ್ಟಳು. ಸೇತುವೆ ಇದ್ದಿದ್ದರೆ ಉಳಿಯುತ್ತಿದ್ದಳು ನೋಡ್ರಿ.

ಸೇತುವೆಗೆ ಕಲ್ಲೇನೋ ಬಿದ್ದಿತ್ತು. ಗದಿಗೆಪ್ಪಗೌಡರು ಎಮ್ಮೆಲ್ಲೆ ಆದಾಗ ಅಡಿಗಲ್ಲು ಇಟ್ಟು ಹಾರ ಹಾಕಿಸಿಕೊಂಡಿದ್ದರು. ಎಂಪಿ ಆಗಿ ದಿಲ್ಲಿಯಿಂದ ಬಂದವರು ಅದೇ ಸೇತುವೆಗೆ ಇನ್ನೊಂದು ಕಲ್ಲು ತಂದರು.

"ಪೂಜಿ ಆಚಿ ದಂಡಿಗೆ ಅದ. ನನ್ನನ್ನೂ ಈ ಕಲ್ಲನ್ನೂ ಜ್ವಾಕಿಲೇ ದಾಟಸು," ಅಂದರು.

ಹೊಳೆಯ ನಟ್ಟನಡುವೆ ಹುಲಿಗೆವ್ವ ಹುಟ್ಟು ಇಟ್ಟು ಕೈ ಮುಗಿದಳು.

"ಯಾಕವ್ವ ನಿಂದ್ರಿಸಿದಿ?"

"ನನ್ನ ಸೊಸಿ ಉಸಿರು ಬಿಟ್ಟ ಜಾಗ, ಸಾಹೇಬ್ರ. ದಾಟುವಾಗೆಲ್ಲ ನಿಲ್ಲತೀನಿ."

ಗೌಡರು ತಲೆ ತಗ್ಗಿಸಿದರು. ಕಾಲ ಕೆಳಗೆ ಅವರದೇ ಹೆಸರು ಕೆತ್ತಿದ ಹಳೇ ಕಲ್ಲು!

"ಇದು ಇಲ್ಯಾಕ?"

"ದಂಡಿ ಕುಸಿದು ನೀರಿಗೆ ಬಿದ್ದಿತ್ತರಿ. ದೋಣಿ ಹೊಯ್ದಾಡಬಾರದಂತ ಭಾರಕ್ಕ ಇಟ್ಟೀನಿ. ಹೊಸಾದ್ದನ್ನೂ ಕೊಟ್ಟು ಹೋಗ್ರಿ, ನನ್ನ ಮಗನ ದೋಣಿಗೆ ಬೇಕಾಗೇದ."

ಗೌಡರು ಹಳೇ ಕಲ್ಲಿನ ಮೇಲಿದ್ದ ಕಾಲು ತೆಗೆದರು. ಆಮೇಲೆ, "ದೋಣಿ ತಿರುಗಿಸವ್ವ," ಅಂದರು.

ಹೊಸ ಕಲ್ಲು ಬಂದ ದಾರಿಯಲ್ಲೇ ಹೋಯಿತು. ಪೂಜೆ ಇಲ್ಲದೆಯೇ ಬೇಸಿಗೆಗೆ ಸೇತುವೆಯ ಕಂಬ ಎದ್ದವು. ನಮ್ಮ ಸೇತುವೆ ಮೇಲೆ ಯಾರ ಹೆಸರೂ ಇಲ್ಲ. ನಟ್ಟನಡುವೆ ಬಂದಾಗ ಮಾತ್ರ ನಮ್ಮೂರವರು ಒಂದು ಗಳಿಗೆ ನಿಂತು ಕೈ ಮುಗಿಯುತ್ತಾರೆ.