ಸಂಬಳದ ದಿನದ ಶಾಲು

"ಬುದ್ಧೀ, ನನಗೆ ಬರಬೇಕಾದದ್ದನ್ನು ನಾನೇ ಬೇಡವೆಂದು ಬಿಟ್ಟರೆ ಅದು ತ್ಯಾಗ ತಾನೇ?"

ಹೀಗೆ ಕೇಳಿದವನು ಗುರುಮಲ್ಲಪ್ಪನೆಂಬ ಶಿಷ್ಯ. ಅವನು ಒಂದು ಖಾಸಗಿ ಶಾಲೆಯಲ್ಲಿ ಉಪಾಧ್ಯಾಯ. ಬಹಳ ದಿನದಿಂದ ಅಲ್ಲಿ ಯಾರಿಗೂ ಸಂಬಳವಾಗಿರಲಿಲ್ಲ. ಸೋಮವಾರದಿಂದ ಪಾಠ ನಿಲ್ಲಿಸಿ ಶಾಲೆಯ ಹೊರಗೆ ಕೂರುವುದೆಂದು ಜೊತೆಯವರೆಲ್ಲ ತೀರ್ಮಾನಿಸಿದ್ದರು. ತಾನೊಬ್ಬ ಮಾತ್ರ ಒಳಗೆ ಹೋಗಿ ಪಾಠ ಮಾಡುವುದೆಂದು ಅವನು ಮನಸ್ಸು ಮಾಡಿದ್ದ. ಅದಕ್ಕೆ ಗುರುಗಳಿಂದ ಒಂದು ಒಳ್ಳೆಯ ಮಾತು ಕೇಳಿಕೊಂಡು ಹೋಗೋಣವೆಂದು ಮಠಕ್ಕೆ ಬಂದಿದ್ದ. ಹೆಗಲ ಮೇಲೆ ಹೊಸ ಶಾಲು ಇತ್ತು.

ಗುರುಗಳು ಶಾಲನ್ನು ನೋಡಿದರು. "ಕೂತುಕೋ ಅಪ್ಪಾ" ಎಂದು ಹೇಳತೊಡಗಿದರು.

ನಮ್ಮ ಕಡೆಯ ಒಬ್ಬ ವ್ಯಾಪಾರಿ ಸಮುದ್ರದಾಚೆಯ ದೇಶಕ್ಕೆ ಹೋಗಿ ನೆಲೆ ನಿಂತಿದ್ದ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ, ಅಲ್ಲಿಯ ಮಕ್ಕಳಿಗೆ ಇಂಗ್ಲಿಷು ಕಲಿಸುವ ಶಾಲೆಯೊಂದನ್ನು ತೆರೆದ. ಕಲಿಸುವುದಕ್ಕೆ ಊರ ಕಡೆಯಿಂದಲೇ ಮೂವರನ್ನು ಕರೆಸಿಕೊಂಡ. ಒಬ್ಬರು ವಯಸ್ಸಾದ ಮೇಷ್ಟ್ರು, ಒಬ್ಬಳು ಟೀಚರಮ್ಮ, ಒಬ್ಬ ಬಿಸಿರಕ್ತದ ಹುಡುಗ. ಬಂದಿಳಿದ ದಿನವೇ ಮೂವರ ಪಾಸ್‌ಪೋರ್ಟುಗಳನ್ನೂ ಜೋಪಾನವಾಗಿರಲಿ ಎಂದು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡ.

ಮೇಷ್ಟ್ರು ದೈವಭಕ್ತರು. ಪೂಜೆಯಾಗದೆ ನೀರು ಮುಟ್ಟುವವರಲ್ಲ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳು ತಮ್ಮ ಕಾಲ ಮೇಲೆ ನಿಂತಿದ್ದರು. ಅವರ ಸಂಬಳಕ್ಕೆ ದಾರಿ ಕಾಯುವವರು ಯಾರೂ ಇರಲಿಲ್ಲ. ಟೀಚರಮ್ಮನ ಸಂಗತಿ ಬೇರೆ. ಗಂಡ ಇಲ್ಲದವಳು. ಓದುವ ಮಗಳನ್ನು ದೂರದ ನೆಂಟರ ಮನೆಯಲ್ಲಿ ಬಿಟ್ಟು ಬಂದಿದ್ದಳು. ತಿಂಗಳು ತಿಂಗಳು ದುಡ್ಡು ಹೋದರೆ ಆ ಮಗುವಿಗೆ ಅನ್ನವೂ ಉಂಟು, ಶಾಲೆಯೂ ಉಂಟು. ಹೋಗದಿದ್ದರೆ ಏನು ಎಂಬುದನ್ನು ನೆಂಟರು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮೊದಮೊದಲು ಸಂಬಳ ಸರಿಯಾಗಿ ಬಂತು. ಆಮೇಲೆ ಅರ್ಧ ಬಂತು. ಆಮೇಲೆ ಮಾಲೀಕನ ನಗು ಮಾತ್ರ ಬಂತು. "ಬರುವ ತಿಂಗಳು ಎಲ್ಲ ಒಟ್ಟಿಗೇ ಕೊಟ್ಟುಬಿಡ್ತೀನಿ ಅಕ್ಕಾ, ನಾವೇನು ಹೊರಗಿನವರಾ?" ಎನ್ನುತ್ತಿದ್ದ. ಬರುವ ತಿಂಗಳೂ ಅದನ್ನೇ ಎನ್ನುತ್ತಿದ್ದ.

ಆ ದೇಶದಲ್ಲಿ ಕೂಲಿ ತಕರಾರು ಕೇಳುವ ಕಚೇರಿ ಒಂದಿತ್ತು. ದುಡಿಸಿಕೊಂಡು ಸಂಬಳ ಕೊಡದವರನ್ನು ಅದು ಸುಮ್ಮನೆ ಬಿಡುತ್ತಿರಲಿಲ್ಲ. ಮೂವರೂ ಪಾಠ ನಿಲ್ಲಿಸಿ, ಒಟ್ಟಿಗೆ ಹೋಗಿ, ಒಂದೇ ಮಾತು ಹೇಳಿದರೆ ಬಾಕಿಯೂ ಬರುತ್ತದೆ, ಪಾಸ್‌ಪೋರ್ಟೂ ಬರುತ್ತದೆ ಎಂದು ಟೀಚರಮ್ಮನೂ ಹುಡುಗನೂ ವಿಚಾರಿಸಿಕೊಂಡು ಬಂದರು. ಮೇಷ್ಟ್ರ ಮುಂದೆ ನಿಂತರು.

"ನೀವಿಬ್ಬರೂ ಹೋಗಿಬನ್ನಿ ತಾಯಿ. ಪಾಠ ನಿಲ್ಲಿಸೋದು ನನ್ನ ಕೈಲಾಗದು. ಆ ಮಕ್ಕಳು ಏನು ತಪ್ಪು ಮಾಡಿದ್ದಾವೆ?" ಎಂದರು ಮೇಷ್ಟ್ರು.

"ನನ್ನ ಮಗಳು ಏನು ತಪ್ಪು ಮಾಡಿದ್ದಾಳೆ ಮೇಷ್ಟ್ರೇ?"

ಮೇಷ್ಟ್ರು ಕೈಯನ್ನು ಮೇಲೆತ್ತಿದರು. "ದೇವರಿದ್ದಾನೆ" ಎಂದರು.

"ಇದ್ದಾನೆ ಸಾರ್, ಯಾರು ಇಲ್ಲ ಅಂದ್ರು? ಬೀರುವಿನ ಬೀಗದಕೈ ಮಾತ್ರ ಅವನ ಹತ್ರ ಇಲ್ಲ" ಎಂದು ಹುಡುಗ ಹೊರಟುಹೋದ.

ಇಬ್ಬರು ಪಾಠ ನಿಲ್ಲಿಸಿದರು, ಕಚೇರಿಗೆ ಅರ್ಜಿ ಕೊಟ್ಟರು. ಮೇಷ್ಟ್ರು ಆ ಇಬ್ಬರ ತರಗತಿಗಳ ಮಕ್ಕಳನ್ನೂ ತಮ್ಮ ಕೋಣೆಗೇ ಕರೆದು ಕೂರಿಸಿಕೊಂಡರು. ಸಂಜೆ ಗಂಟಲು ಕಟ್ಟುತ್ತಿತ್ತು. ಮನಸ್ಸು ಮಾತ್ರ ಹಗುರವಾಗಿರುತ್ತಿತ್ತು. ಕೈಯೊಡ್ಡದೆ ದುಡಿಯುತ್ತಿದ್ದೇನೆ, ದೇವರು ಇದನ್ನು ನೋಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.

ಮಾಲೀಕನೂ ನೋಡುತ್ತಿದ್ದ. ತಿಂಗಳ ಕೊನೆಗೆ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಸೇರಿಸಿ, ಮೇಷ್ಟ್ರನ್ನು ಕುರ್ಚಿಯ ಮೇಲೆ ಕೂರಿಸಿದ. ಹಾರ ಹಾಕಿದ. ಹಣ್ಣಿನ ಬುಟ್ಟಿ ಕೊಟ್ಟ. ಜರಿಯಂಚಿನ ಶಾಲು ಹೊದಿಸಿ, ಎಲ್ಲರೆದುರು ಕಾಲು ಮುಟ್ಟಿದ. "ಇಂಥ ಗುರುಗಳು ಸಿಗಬೇಕಾದರೆ ಪುಣ್ಯ ಮಾಡಿರಬೇಕು" ಎಂದ. ಊರಲ್ಲಿ ಅಷ್ಟು ವರ್ಷ ಪಾಠ ಹೇಳಿದಾಗಲೂ ಯಾರೂ ಮೇಷ್ಟ್ರಿಗೆ ಶಾಲು ಹೊದಿಸಿರಲಿಲ್ಲ. ಅವರ ಕಣ್ಣು ತುಂಬಿತು. ಅಂದು ಸಂಬಳದ ದಿನವೆಂಬುದು ನೆನಪಾಗಲಿಲ್ಲ.

ಕಚೇರಿಯಿಂದ ಕರೆ ಬಂತು. ಮೇಷ್ಟ್ರು ಅದೇ ಶಾಲು ಹೊದ್ದು ಹೋದರು. ಅಧಿಕಾರಿ ಕೇಳಿದ.

"ನಿಮಗೆ ಸಂಬಳ ಬಂದಿದೆಯೇ?"

"ಇಲ್ಲ."

ಟೀಚರಮ್ಮನ ಮುಖದಲ್ಲಿ ಜೀವ ಬಂತು.

"ಮತ್ತೆ ಯಾಕೆ ಪಾಠ ಮಾಡುತ್ತಿದ್ದೀರಿ?"

ಮೇಷ್ಟ್ರು ಒಮ್ಮೆ ಮಾಲೀಕನ ಕಡೆ ನೋಡಿದರು. ಅವನು ಕೈಮುಗಿದು ನಿಂತಿದ್ದ. "ನಾನು ಸಂಬಳಕ್ಕೆ ಕಲಿಸುವವನಲ್ಲ. ನನಗೆ ಇದು ಸೇವೆ" ಎಂದರು.

ಮಾಲೀಕ ಆ ಮಾತನ್ನು ಕೆಳಗೆ ಬೀಳಲು ಬಿಡಲಿಲ್ಲ. "ಕೇಳಿದಿರಲ್ಲ ಸ್ವಾಮಿ? ನಮ್ಮವರಲ್ಲಿ ವಿದ್ಯೆ ಮಾರೋದಿಲ್ಲ. ಊಟ, ಮನೆ, ಒಂದಿಷ್ಟು ಕೈಖರ್ಚು, ಇಷ್ಟೇ ಮಾತಾಗಿತ್ತು. ಇವರಿಬ್ಬರಿಗೆ ಬಂದಮೇಲೆ ಆಸೆ ಹತ್ತಿತು" ಎಂದ.

ಮಾತಾಗಿದ್ದದ್ದು ಸಂಬಳಕ್ಕೇ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಬಾಯಿ ತೆರೆದರು. ಕಾಲು ಮುಟ್ಟಿದವನನ್ನು ನಾಲ್ಕು ಜನರ ಎದುರು ಸುಳ್ಳುಗಾರ ಎನ್ನುವುದು ಹೇಗೆ ಎನ್ನಿಸಿತು. ಮುಚ್ಚಿಕೊಂಡರು.

ಅಧಿಕಾರಿ ಕೆಟ್ಟವನಲ್ಲ. ಮೂವರಲ್ಲಿ ತಮಗೇ ನಷ್ಟವಾಗುವ ಮಾತನ್ನು ಆಡಿದವರು ಈ ಹಿರಿಯರೊಬ್ಬರೇ, ಇಂಥವರು ಯಾಕೆ ಸುಳ್ಳು ಹೇಳುತ್ತಾರೆ ಎಂದುಕೊಂಡ. ಅವರ ಮಾತನ್ನೇ ಹಿಡಿದ. ತಕರಾರು ಬಿದ್ದುಹೋಯಿತು.

ಹುಡುಗ ಯಾರಿಗೂ ಹೇಳದೆ ಎಲ್ಲಿಗೋ ಓಡಿಹೋದ, ಏನಾದನೋ ಗೊತ್ತಿಲ್ಲ. ಟೀಚರಮ್ಮನಿಗೆ ಓಡಿಹೋಗುವ ಹಾಗೂ ಇರಲಿಲ್ಲ. ಕರೆಸಿಕೊಂಡ ಖರ್ಚು ತೀರುವತನಕ ನಮ್ಮ ಮನೆಯಲ್ಲಿ ಅಡುಗೆ ಮಾಡಿಕೊಂಡಿರು ಎಂದ ಮಾಲೀಕ. ಅವಳು ಸೌಟು ಹಿಡಿದಳು. ವರ್ಷ ತಿರುಗಿದ ಮೇಲೆ ಮೇಷ್ಟ್ರಿಗೆ ಪಾಸ್‌ಪೋರ್ಟು ಕೊಟ್ಟು, ಟಿಕೆಟ್ಟು ಕೊಟ್ಟು, ಇನ್ನೊಂದು ಹಾರ ಹಾಕಿ ಊರಿಗೆ ಕಳಿಸಿದ.

ಹೊರಡುವ ದಿನ ಟೀಚರಮ್ಮ ಒಂದು ಇಂಗ್ಲಿಷು ಪಾಠದ ಪುಸ್ತಕ ತಂದುಕೊಟ್ಟಳು. "ಇದನ್ನು ನನ್ನ ಮಗಳ ಕೈಗೆ ಕೊಡಿ. ನೀವು ದೊಡ್ಡವರು ಮೇಷ್ಟ್ರೇ, ದೊಡ್ಡತನ ನಿಮಗಾಯ್ತು, ಅದರ ಖರ್ಚು ನನಗೆ ಬಿತ್ತು" ಎಂದಳು. ದನಿ ಏರಿಸಲಿಲ್ಲ.

ಮೇಷ್ಟ್ರು ಊರಿಗೆ ಬಂದವರೇ ಆ ನೆಂಟರ ಮನೆ ಹುಡುಕಿಕೊಂಡು ಹೋದರು. ಹುಡುಗಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಇಷ್ಟು ಹೊತ್ತಿನಲ್ಲಿ ಶಾಲೆ ಇಲ್ಲವೇ ಮಗೂ ಎಂದು ಕೇಳಿದರು.

"ಬಿಡಿಸಿಬಿಟ್ರು ಅಜ್ಜ. ಅಮ್ಮನಿಗೆ ಸಂಬಳ ಆಯ್ತಾ?"

ಮೇಷ್ಟ್ರು ಪುಸ್ತಕ ಕೊಟ್ಟರು. ಮತ್ತೇನು ಮಾಡುವುದೆಂದು ತಿಳಿಯದೆ ಹೆಗಲ ಮೇಲಿದ್ದ ಶಾಲು ತೆಗೆದು ಅವಳಿಗೆ ಹೊದಿಸಿದರು. ಅವಳು ಬೂದಿಗೈ ತಾಗದ ಹಾಗೆ ಮೊಣಕೈಯಿಂದಲೇ ಅದನ್ನು ಸರಿಸಿದಳು.

"ಬೇಡ ಅಜ್ಜ, ಇವರು ಕಿತ್ತುಕೊಳ್ತಾರೆ. ಪುಸ್ತಕಾನೂ ನೀವೇ ಇಟ್ಕೊಳ್ಳಿ. ಅಮ್ಮ ಬಂದಾಗ ಕೊಡಿ."

ಒಳಗಿನಿಂದ ಯಾರೋ ಕೂಗಿದರು. ಅವಳು ಮತ್ತೆ ಪಾತ್ರೆಯ ಮುಂದೆ ಕೂತಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಗುರುಮಲ್ಲಪ್ಪ ಯಾವಾಗಲೋ ತನ್ನ ಶಾಲನ್ನು ತೆಗೆದು ಪಕ್ಕದಲ್ಲಿ ಇಟ್ಟಿದ್ದ. ಅವನು ಕೇಳಿದ.

"ಆದರೂ ಬುದ್ಧೀ, ಆ ಮೇಷ್ಟ್ರು ಯಾರದನ್ನೂ ಕಿತ್ತುಕೊಳ್ಳಲಿಲ್ಲವಲ್ಲ? ಬಿಟ್ಟುಕೊಟ್ಟದ್ದು ತಮ್ಮದನ್ನೇ ಅಲ್ಲವೇ?"

"ಸಂಬಳ ಅವರದು, ಬಿಟ್ಟರು, ಆ ಮಗುವಿನ ಶಾಲೆ ಯಾರದಪ್ಪಾ, ಅವರು ಬಿಟ್ಟುಕೊಡುವುದಕ್ಕೆ?" ಎಂದರು ಗುರುಗಳು.