ಜೋಲಿಯ ಹಗ್ಗ

ಪೂಜ್ಯ ಅಡವಯ್ಯಜ್ಜನವರ ಮಠವೆಂದರೆ ಕಳಸವಿಟ್ಟ ಮಠವಲ್ಲ. ಕಲ್ಲಕುಂಟಿಯ ಹಳ್ಳದ ದಂಡೆಯಲ್ಲಿ ಒಂದು ಮಣ್ಣಿನ ಕೋಣೆ, ಅದರ ಮುಂದೊಂದು ಪಡಸಾಲೆ, ಅಷ್ಟೇ. ಆ ಪಡಸಾಲೆಯಲ್ಲಿ ಕುಳಿತು ಅಜ್ಜನವರು ದಿನವಿಡೀ ಕೌದಿ ಹೊಲಿಯುತ್ತಿದ್ದರು. ಭಕ್ತರು ತಂದೊಪ್ಪಿಸಿದ ಹರಕು ಸೀರೆ, ಸವೆದ ಧೋತರ, ಕೂಸುಗಳ ಅಂಗಿ ಎಲ್ಲವೂ ಅವರ ಕೈಯಲ್ಲಿ ಹೊದಿಕೆಯಾಗಿ ಬಡವರ ಮನೆ ಸೇರುತ್ತಿದ್ದವು. ಗಂಡಸು ಕೌದಿ ಹೊಲಿಯುವುದುಂಟೇ ಎಂದು ನಕ್ಕವರೇ ಮುಂದೆ ಅವನ್ನು ಹೊದ್ದು ಬೆಚ್ಚಗೆ ಮಲಗಿದರು.

ಹೊತ್ತು ಮುಳುಗಿತೆಂದರೆ ಸೂಜಿ ನಿಲ್ಲುತ್ತಿತ್ತು. ಹೊಲಿಗೆ ಅರ್ಧಕ್ಕಿದ್ದರೂ ಅಜ್ಜನವರು "ಉಳಿದದ್ದು ನಾಳಿಂದು" ಎಂದು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಏಳುತ್ತಿದ್ದರು. ದೀಪ ಹಚ್ಚುವ ಮೊದಲೇ ಒಂದಿಷ್ಟು ನುಚ್ಚು ಮಜ್ಜಿಗೆ ಸೇವಿಸಿ, ಬಿಸಿನೀರಿನಲ್ಲಿ ಕಾಲು ತೊಳೆದು, ಹಾಸಿಗೆ ಕೊಡವಿ, ವಿಭೂತಿ ಧರಿಸಿ ಮಲಗುವುದು ಅವರ ನೇಮ. ನಿದ್ದೆ ಬಾರದೆಂದು ಬಂದವರಿಗೂ ಇದನ್ನೇ ಹೇಳುತ್ತಿದ್ದರು. ತಾಯಿತ ಬೇಡಿ ಬಂದವರು ಸಪ್ಪೆ ಮೋರೆ ಹಾಕಿಕೊಂಡು ಹೋಗುತ್ತಿದ್ದರು. ಪವಾಡಕ್ಕೆ ಬಾಯಿ ಬಿಡುವ ನಮ್ಮಂಥವರಿಗೆ ಬಿಸಿನೀರಿನ ಬೆಲೆ ಎಲ್ಲಿ ತಿಳಿಯಬೇಕು.

ಚಳಿಗಾಲದ ಒಂದು ಸಂಜೆ ಪಕ್ಕದ ಊರಿನ ಶಂಕ್ರವ್ವನೆಂಬ ಮುದುಕಿ ತನ್ನ ಸೊಸೆ ನೀಲವ್ವನನ್ನೂ ಮೊಮ್ಮಗಳನ್ನೂ ಕರೆದುಕೊಂಡು ಮಠಕ್ಕೆ ಬಂದಳು. ನೀಲವ್ವನ ಕಣ್ಣು ಗುಳಿ ಬಿದ್ದಿದ್ದವು. ಹಲ್ಲು ಮೂಡುವ ವಯಸ್ಸಿನ ಆ ಕೂಸಿಗೆ ಇನ್ನೂ ಕತ್ತು ನಿಂತಿರಲಿಲ್ಲ.

ಅವರ ದುಃಖ ಇದು. ನಮ್ಮ ಸೀಮೆಯಲ್ಲಿ ಕೂಸನ್ನು ಸೀರೆಯ ಜೋಲಿಯಲ್ಲಿ ಮಲಗಿಸಿ, ಜೋಲಿಗೆ ಕಟ್ಟಿದ ಹಗ್ಗದ ತುದಿಯನ್ನು ತಾಯಿ ತನ್ನ ಕಾಲ್ಬೆರಳಿಗೆ ಸುತ್ತಿಕೊಂಡು ಮಲಗುತ್ತಾಳೆ. ಮಲಗಿದಲ್ಲೇ ತೂಗಬಹುದು, ಕೂಸು ಮಿಸುಕಿದರೆ ಹಗ್ಗ ಎಳೆದು ಎಚ್ಚರವೂ ಆಗುತ್ತದೆ. ನೀಲವ್ವನ ಚೊಚ್ಚಲ ಕೂಸು ಗಂಡು. ಹಿಂದೊಂದು ಸುಗ್ಗಿಯಲ್ಲಿ ಅವಳು ದಿನವೆಲ್ಲ ಜೋಳ ಕೊಯ್ದು ಬಂದು, ಹಗ್ಗವನ್ನು ಬೆರಳಿಗೆ ಸುತ್ತಿ ಮಲಗಿದಳು. ಹಗ್ಗ ಎಳೆಯಲೇ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕೂಸು ತಣ್ಣಗಾಗಿತ್ತು.

ಆ ಸಾವಿನ ಮನೆಯಲ್ಲಿ ಶಂಕ್ರವ್ವ ಒಂದು ಮಾತು ಆಡಿದಳು: "ತಾಯಿ ಮಲಗಿದ್ಲು, ಕೂಸು ಹೋತು." ಆಡಿದವಳು ಮರೆತಳು, ಕೇಳಿದವಳು ಮರೆಯಲಿಲ್ಲ.

ಈ ಹೆಣ್ಣು ಕೂಸು ಹುಟ್ಟಿದ ಮೇಲೆ ನೀಲವ್ವ ಕಾಲ್ಬೆರಳನ್ನು ನಂಬದೆ ಹಗ್ಗವನ್ನು ಮಣಿಕಟ್ಟಿಗೆ ಬಿಗಿದುಕೊಂಡಳು. ಕೂಸು ಸುಮ್ಮನಾದೊಡನೆ ಜೀವವಿದೆಯೋ ಇಲ್ಲವೋ ಎಂದು ಹಗ್ಗ ಜಗ್ಗುವಳು. ಅದು ಬೆಚ್ಚಿ ಅತ್ತರೆ ಇವಳಿಗೆ ಸಮಾಧಾನ. ಹೀಗೆ ತಾಯಿಯೂ ಮಲಗಲಿಲ್ಲ, ಮಗಳನ್ನೂ ಮಲಗಗೊಡಲಿಲ್ಲ. ಎದೆಹಾಲು ಬತ್ತಿತು. ಇಬ್ಬರೂ ಹೀಗೇ ಇದ್ದರೆ ಕೂಸು ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿ ಕಳಿಸಿದ್ದರು.

"ಎಷ್ಟು ಹೇಳಿದ್ರೂ ಕಣ್ಣು ಮುಚ್ಚವಲ್ಲಳ್ರಿ ಅಜ್ಜಾರ," ಎಂದಳು ಶಂಕ್ರವ್ವ. "ಇದೂ ಕೈ ಬಿಟ್ಟು ಹೋಗತೈತ್ರಿ."

ಅಜ್ಜನವರು ಮೆಲ್ಲನೆ ಕೇಳಿದರು: "ಆವತ್ತ ನೀವೆಲ್ಲಿದ್ರಿ ತಾಯಿ?"

ಮುದುಕಿ ತಲೆ ತಗ್ಗಿಸಿದಳು. "ಅಲ್ಲೇ ಮಗ್ಗಲದಾಗ. ನಾನೂ ಮಲಗಿದ್ನಿರಿ." ಈ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನೀಲವ್ವ ಅತ್ತೆಯ ಮುಖವನ್ನೇ ನೋಡಿದಳು.

ಅಜ್ಜನವರು ಸೂಜಿ ಚುಚ್ಚಿಟ್ಟು ಎದ್ದು ಇಬ್ಬರಿಗೂ ನುಚ್ಚು ಬಡಿಸಿದರು. ತಾವೇ ನೀರು ಕಾಯಿಸಿ ತಂದು ನೀಲವ್ವನ ಮುಂದಿಟ್ಟರು. ತೊಲೆಗೆ ಜೋಲಿ ಕಟ್ಟಿಸಿದರು, ಹೊಸ ಕೌದಿಯೊಂದನ್ನು ಕೊಡವಿ ಹಾಸಿದರು. ನೀಲವ್ವ ಅವರು ಹೇಳಿದ್ದನ್ನೆಲ್ಲ ಮಾಡಿದಳು, ಆದರೆ ಮಲಗಲಿಲ್ಲ. ಹಗ್ಗ ಬಿಗಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕುಳಿತಳು.

ಆಗ ಅಜ್ಜನವರು ಕೈ ಚಾಚಿದರು. "ಹಗ್ಗ ಇತ್ತ ಕೊಡು ತಂಗಿ. ಇವತ್ತ ನಾ ಕಾಯತೀನಿ."

ಬೇರೆ ಯಾರು ಕೇಳಿದ್ದರೂ ಅವಳು ಕೊಡುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಗಂಟು ಬಿಚ್ಚಿದಳು. ಅಜ್ಜನವರು ಹಗ್ಗವನ್ನು ತಮ್ಮ ಕಾಲ್ಬೆರಳಿಗೆ ಸುತ್ತಿಕೊಂಡು ಗೋಡೆಗೆ ಒರಗಿ ಕುಳಿತರು. ನೀಲವ್ವ ಕೌದಿಯ ಮೇಲೆ ಬಿದ್ದವಳೇ ನಿದ್ದೆ ಹೋದಳು.

ಅವಳು ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ಮೈ ಹಗುರಾಗಿತ್ತು, ತಲೆಯ ಭಾರ ಇಳಿದಿತ್ತು. ಒಂದು ಕ್ಷಣ ಅವಳಿಗೆ ಯಾವ ದುಃಖವೂ ನೆನಪಾಗಲಿಲ್ಲ. ಆಮೇಲೆ ಹಗ್ಗ ಕಣ್ಣಿಗೆ ಬಿತ್ತು. ಅದು ಅಲುಗದೆ ಜೋತುಬಿದ್ದಿತ್ತು. ಒಂದು ತುದಿಯಲ್ಲಿ ಅಜ್ಜನವರು ಗೋಡೆಗೊರಗಿ ಗಾಢವಾದ ನಿದ್ದೆಯಲ್ಲಿದ್ದರು. ಶಂಕ್ರವ್ವನೂ ಮಲಗಿದ್ದಳು.

ನೀಲವ್ವ ಜೋಲಿಯವರೆಗೆ ತೆವಳಿಕೊಂಡು ಹೋದಳು. ಕೂಸು ಎಚ್ಚರವಾಗಿತ್ತು. ತನ್ನ ಮುಷ್ಟಿಯನ್ನು ತಾನೇ ಚೀಪುತ್ತ ಮಾಡಿನ ಸಂದಿಯ ಬೆಳಕು ನೋಡುತ್ತಿತ್ತು. ತಾಯಿಯನ್ನು ಕಂಡು ಕಾಲು ಜಾಡಿಸಿತು. ಹಗ್ಗ ಎಳೆದು ಅಜ್ಜನವರಿಗೆ ಎಚ್ಚರವಾಯಿತು.

"ಮಲಗಿಬಿಟ್ರೇನ್ರಿ ಅಜ್ಜಾರ?" ಅವಳ ದನಿ ಸಿಟ್ಟಿನಿಂದ ನಡುಗುತ್ತಿತ್ತು.

"ಹೌದು ತಂಗಿ. ಕಾಯತೀನಿ ಅಂದೆ, ಮಲಗಿಬಿಟ್ಟೆ."

ಅಜ್ಜನವರು ಬೇಕೆಂದೇ ಮಲಗಿದರು, ಅದು ಅವರ ಲೀಲೆ ಎಂದು ಭಕ್ತರಲ್ಲಿ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ದಿನವೆಲ್ಲ ಹೊಲಿದ ಮುಪ್ಪಿನ ದೇಹಕ್ಕೆ ನಿದ್ದೆ ಬಂದಿತು, ಬಂದದ್ದನ್ನು ಅವರು ಮುಚ್ಚಿಡಲಿಲ್ಲ. ನಾನು ಕೈ ಮುಗಿಯುವುದು ಅದಕ್ಕೇ.

ನೀಲವ್ವ ಕೂಸನ್ನು ಎದೆಗವಚಿಕೊಂಡು ಕೇಳಿದಳು: "ಇವತ್ತ ಎಲ್ಲಾರೂ ಮಲಗಿದ್ವಿ, ಇದು ಉಳೀತು. ಆವತ್ತ ಅದ್ಯಾಕ ಉಳೀಲಿಲ್ರಿ? ಆವತ್ತ ಕಾಯೂ ದೇವ್ರು ಎಲ್ಲಿಗೆ ಹೋಗಿದ್ದ?"

ಅಜ್ಜನವರ ಕಣ್ಣು ತುಂಬಿದವು. "ಗೊತ್ತಿಲ್ಲ ಯವ್ವಾ. ಅವನನ್ನ ನಾನೂ ಕೇಳೀನಿ, ಇನ್ನೂ ಹೇಳಿಲ್ಲ. ಆದ್ರ ಒಂದು ಖರೆ ಐತಿ. ನಿನ್ನ ನಿದ್ದಿ ಅದನ್ನ ಒಯ್ಯಲಿಲ್ಲ."

ಆಗ ನೀಲವ್ವ ಅತ್ತಳು. ಮಣ್ಣು ಕೊಟ್ಟ ದಿನವೂ ಬಾರದ ಅಳು ಅಂದು ಬಂದಿತು. ಶಂಕ್ರವ್ವ ಎಚ್ಚೆತ್ತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಅಜ್ಜನವರ ಕಾಲ್ಬೆರಳಿನ ಹಗ್ಗವನ್ನು ಬಿಚ್ಚಿ ಕೈಯಲ್ಲಿ ಸುತ್ತಿಕೊಂಡಳು.

ಹೋದ ಕೂಸು ಹೋದದ್ದೇ. ಆ ಮನೆಯ ಮೇಲಿನ ಕತ್ತಲೆ ಒಂದೇ ದಿನಕ್ಕೆ ಹರಿಯಲೂ ಇಲ್ಲ. ಆದರೆ ಆ ಸಂಜೆ ಮನೆಗೆ ಮರಳಿದ ಮೇಲೆ ಶಂಕ್ರವ್ವ ತಾನೇ ನೀರು ಕಾಯಿಸಿ, ಬೇಡವೆಂದರೂ ಕೇಳದೆ ಸೊಸೆಯ ಕಾಲು ತೊಳೆದಳು. ಹಾಸಿಗೆ ಕೊಡವಿದಳು. ಹಗ್ಗವನ್ನು ಯಾರೂ ಕಟ್ಟಿಕೊಳ್ಳಲಿಲ್ಲ. "ತಾಯಿ ಮಲಗಿದ್ಲು" ಎಂದು ಅಂದು ಆಡಿದ್ದ ಬಾಯಿಯೇ ದೀಪ ಶಾಂತ ಮಾಡುತ್ತ, "ಮಲಕೋ ನೀಲವ್ವ, ಎಲ್ಲಾರೂ ಮಲಗೂಣು" ಎಂದಿತು.